ಗಿಟಾರಿನ ಐನೂರು ವರ್ಷ: ಹಳೆಯದರಿಂದ ಶುರುಮಾಡಬೇಕೆ?

ಪ್ರಶ್ನೆ: ನನಗೆ 38 ವರ್ಷ. ಎರಡು ವರ್ಷದಿಂದ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಕಲಿಯುತ್ತಿದ್ದೇನೆ. ಸ್ಟಾಫ್ ನೊಟೇಶನ್ ನಿಧಾನವಾಗಿ ಓದಲು ಬರುತ್ತದೆ. ಈ ವಾದ್ಯದ ಸಂಗೀತವನ್ನು 1500ರ ಕಾಲದಿಂದ ಇವತ್ತಿನವರೆಗೆ ವರ್ಷಗಳ ಕ್ರಮದಲ್ಲೇ ನುಡಿಸುತ್ತ ಬರಬೇಕೆಂಬ ಆಸೆ ಇದೆ. ಹಳೆಯದು ಸರಳ, ಅಲ್ಲಿಂದಲೇ ಹಿಡಿಯಿರಿ ಎಂದು ಪರಿಚಯದವರು ಹೇಳಿದರು. ಲೂಯಿಸ್ ದೆ ಮಿಲಾನ್‌ನ ಪವಾನಾ (ಹಳೆಯ ನಿಧಾನಗತಿಯ ನೃತ್ಯ) ತೆಗೆದುಕೊಂಡೆ, ಕೈಗೆ ಹತ್ತುತ್ತಿಲ್ಲ. ಮೂರನೇ ತಂತಿಯನ್ನು ಎಫ್ ಶಾರ್ಪ್‌ಗೆ ಶ್ರುತಿ ಮಾಡಿಕೊಳ್ಳಿ ಎಂದು ಪುಸ್ತಕದಲ್ಲಿದೆ. ತಂತಿ ತುಂಡಾದೀತೆಂಬ ಭಯ. ಗಾಸ್ಪಾರ್ ಸಾನ್ಸ್‌ನ 'ಕನಾರಿಯೋಸ್'ಗೆ ಮೂರು ಪ್ರತಿ ಸಿಕ್ಕಿವೆ, ಮೂರರಲ್ಲೂ ಸ್ವರಗಳು ಬೇರೆ. ಯಾವುದು ಸರಿ? ಬಾಖ್ ಗಿಟಾರಿಗೆಂದು ಬರೆದಿದ್ದಾನೆಯೇ? ಪರಾಗ್ವೆಯ ಗಿಟಾರ್ ವಾದಕ ಬಾರಿಯೋಸ್ ಸ್ಟೀಲ್ ತಂತಿ ಹಾಕುತ್ತಿದ್ದರಂತೆ, ನಾನೂ ಹಾಕಬಹುದೇ? ಹಳೆಯ ಸಂಗೀತಕ್ಕೆ ಲ್ಯೂಟ್ ಕೊಳ್ಳಲೇಬೇಕೆ?

ಉತ್ತರ: ಪ್ರಶ್ನೆಗಳು ಐದಾರು ಕಂಡರೂ ಅವುಗಳ ಬೇರು ಒಂದೇ. ಇದೆಲ್ಲ ನಿಮ್ಮ ಕೈಯಲ್ಲಿರುವ ವಾದ್ಯಕ್ಕೇ ಬರೆದ ಸಂಗೀತ ಎಂದು ಪುಸ್ತಕದ ಹೊದಿಕೆ ನೋಡಿದವರಿಗೆ ಅನಿಸುತ್ತದೆ. ಆರು ಒಂಟಿ ತಂತಿ, ಇ-ಎ-ಡಿ-ಜಿ-ಬಿ-ಇ ಶ್ರುತಿ ಇರುವ ಗಿಟಾರ್ ಬಳಕೆಗೆ ಬಂದದ್ದು 18ನೇ ಶತಮಾನದ ಕೊನೆಯಲ್ಲಿ. ಅದಕ್ಕೆ ಮುಂಚಿನ ಸಂಗೀತ ಬೇರೆ ವಾದ್ಯಗಳದ್ದು: ವಿಹುಎಲಾ (ಗಿಟಾರಿನ ಆಕಾರದ ಹಳೆಯ ಸ್ಪ್ಯಾನಿಷ್ ವಾದ್ಯ), ಲ್ಯೂಟ್, ನಾಲ್ಕು ಜೋಡಿ ತಂತಿಯ ಗಿಟಾರ್, ಐದು ಜೋಡಿ ತಂತಿಯ ಗಿಟಾರ್. ಯಾರೋ ಒಬ್ಬ ಸಂಪಾದಕರು ಅದನ್ನು ನಿಮ್ಮ ವಾದ್ಯಕ್ಕೆ ಒಗ್ಗಿಸಿ ಕೊಟ್ಟಿರುತ್ತಾರೆ. ನಿಮಗೆ ಬಂದಿರುವ ತೊಡಕೆಲ್ಲ ಆ ಒಗ್ಗಿಸುವ ಜಾಗದಲ್ಲೇ ಇದೆ. ನಿಮ್ಮ ಕೈಯಲ್ಲಿ ದೋಷವೇನೂ ಇಲ್ಲ.

ಮೊದಲು ತಂತಿಯ ಭಯ ಕಳೆಯೋಣ. ಮೂರನೇ ತಂತಿ ಈಗ ಜಿ ಸ್ವರದಲ್ಲಿದೆ. ಎಫ್ ಶಾರ್ಪ್ ಅದಕ್ಕಿಂತ ಅರ್ಧ ಸ್ವರ ಕೆಳಗೆ. ಅಂದರೆ ನೀವು ತಂತಿಯನ್ನು ಸಡಿಲಿಸುತ್ತೀರಿ. ಎಳೆತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ, ತುಂಡಾಗುವ ಮಾತೇ ಇಲ್ಲ. ತುಂಡಾಗುವುದು ಬಿರಡೆಯನ್ನು ತಪ್ಪು ದಿಕ್ಕಿಗೆ ತಿರುಗಿಸಿದಾಗ. ಆದ್ದರಿಂದ ತಂತಿಯನ್ನು ಮೀಟುತ್ತಲೇ ಬಿರಡೆ ತಿರುಗಿಸಿ, ಸ್ವರ ಇಳಿಯುತ್ತಿದೆಯೇ ಎಂದು ಕಿವಿಯಿಂದ ನೋಡಿಕೊಳ್ಳಿ. ನಾಲ್ಕನೇ ತಂತಿಯ ನಾಲ್ಕನೇ ಫ್ರೆಟ್ ಒತ್ತಿದರೆ ಬರುವ ಸ್ವರಕ್ಕೆ ಮೂರನೇ ತಂತಿ ಹೊಂದಬೇಕು. ಇನ್ನೊಂದು ಪರೀಕ್ಷೆ: ಈಗ ಮೂರನೇ ತಂತಿಯ ಐದನೇ ಫ್ರೆಟ್, ಓಪನ್ ಎರಡನೇ ತಂತಿಗೆ ಸಮ ಬರಬೇಕು (ಮಾಮೂಲಿ ಶ್ರುತಿಯಲ್ಲಿ ಅದು ನಾಲ್ಕನೇ ಫ್ರೆಟ್). ಸಡಿಲಿಸಿದ ನೈಲಾನ್ ತಂತಿ ಮುಂದಿನ ಕೆಲವು ನಿಮಿಷ ತಾನಾಗಿ ಸ್ವಲ್ಪ ಮೇಲೇರುತ್ತದೆ. ಅದಕ್ಕೇ ಒಮ್ಮೆ ಶ್ರುತಿ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಮಾಡಿ, ಆಮೇಲೆ ನುಡಿಸಿ.

ಈ ಶ್ರುತಿ ಏಕೆ ಬೇಕು? ಮಿಲಾನ್‌ನ 'ಎಲ್ ಮಾಯೆಸ್ತ್ರೊ' 1536ರಲ್ಲಿ ವಲೆನ್ಸಿಯಾದಲ್ಲಿ ಅಚ್ಚಾದದ್ದು ವಿಹುಎಲಾ ಕಲಿಯುವವರಿಗಾಗಿ. ವಿಹುಎಲಾಕ್ಕೆ ಆರು ಜೋಡಿ ತಂತಿ. ಶ್ರುತಿಯ ಅಂತರ ಲ್ಯೂಟಿನದೇ. ನಿಮ್ಮ ಗಿಟಾರಿನಲ್ಲಿ ಮೂರನೇ ತಂತಿಯೊಂದನ್ನು ಇಳಿಸಿದರೆ ಆರೂ ತಂತಿಗಳ ನಡುವಿನ ಅಂತರ ಹಳೆಯದಕ್ಕೆ ಸರಿಹೋಗುತ್ತದೆ. ಇಳಿಸದೆ ನುಡಿಸಿದರೆ ಏನಾಗುತ್ತದೆ ನೋಡಿ: ಮಿಲಾನ್ ಓಪನ್ ಮೂರನೇ ತಂತಿಯಲ್ಲಿ ಬಿಟ್ಟ ಎಫ್ ಶಾರ್ಪನ್ನು ನೀವು ನಾಲ್ಕನೇ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ ಹಿಡಿಯಬೇಕು. ಅಷ್ಟರಲ್ಲಿ ನಾಲ್ಕನೇ ತಂತಿಯಲ್ಲಿ ಅವನು ಇಟ್ಟಿದ್ದ ಇನ್ನೊಂದು ಸ್ವರಕ್ಕೆ ಜಾಗವಿಲ್ಲದೆ ಅದು ಐದನೇ ತಂತಿಗೆ ಹೋಗುತ್ತದೆ, ಬೆರಳು ಹರಿದುಹೋಗುವಷ್ಟು ಚಾಚಬೇಕಾಗುತ್ತದೆ. ನಾಲ್ಕು ಧ್ವನಿಗಳ ಸಂಗೀತದಲ್ಲಿ ಇದು ಪ್ರತಿ ಸಾಲಿನಲ್ಲೂ ಬರುತ್ತದೆ. ಪವಾನಾ ನಿಮ್ಮ ಕೈಗೆ ಹತ್ತದಿದ್ದುದಕ್ಕೆ ಅರ್ಧ ಕಾರಣ ಇದು. ಲ್ಯೂಟಿನ ಎತ್ತರದ ಧ್ವನಿಯೂ ಬೇಕೆನಿಸಿದರೆ ಮೂರನೇ ಫ್ರೆಟ್‌ಗೆ ಕೇಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಪಟ್ಟಿ) ಹಾಕಿ; ಜಿ-ಸಿ-ಎಫ್-ಎ-ಡಿ-ಜಿ ಬರುತ್ತದೆ, ಅದೇ ರಿನೈಸಾನ್ಸ್ ಲ್ಯೂಟಿನ ಶ್ರುತಿ. ಫ್ರೆಟ್‌ಗಳ ನಡುವಿನ ದೂರವೂ ಕಡಿಮೆಯಾಗಿ ಎಡಗೈಗೆ ಹಗುರ.

ಉಳಿದರ್ಧ ಕಾರಣ, ಹಳೆಯದು ಸರಳ ಎಂಬ ನಂಬಿಕೆಯೇ ತಪ್ಪು. 16ನೇ ಶತಮಾನದ ವಿಹುಎಲಾ ಸಂಗೀತ ಚರ್ಚಿನ ಗಾಯನದ ಬಹುಧ್ವನಿ ಪದ್ಧತಿಯಿಂದ ಬೆಳೆದದ್ದು. ಮೂರು ನಾಲ್ಕು ಧ್ವನಿಗಳು ಒಂದರ ಹಿಂದೊಂದು ಒಳಗೆ ಬರುತ್ತವೆ, ಒಂದನ್ನು ಹಿಡಿದಿಟ್ಟುಕೊಂಡೇ ಇನ್ನೊಂದನ್ನು ನಡೆಸಬೇಕು. ಕಾಗದದ ಮೇಲೆ ಸ್ವರಗಳು ವಿರಳವಾಗಿ ಕಾಣುತ್ತವೆ, ಆದರೆ ಬೆರಳು ಎತ್ತಲು ಪುರಸತ್ತಿಲ್ಲ. ಮಿಲಾನ್ ತನ್ನ ಫಂತಾಸಿಯಾಗಳ (ಮುಕ್ತ ರೂಪದ ರಚನೆಗಳ) ಬಗ್ಗೆ ಒಂದು ಮಾತು ಹೇಳಿದ್ದಾನೆ, ಅದನ್ನು ಇವತ್ತಿನ ಎಷ್ಟೋ ಪ್ರತಿಗಳು ಬಿಟ್ಟುಬಿಡುತ್ತವೆ: ಒಟ್ಟಾಗಿ ಬರುವ ಸ್ವರಗುಚ್ಛಗಳನ್ನು ನಿಧಾನವಾಗಿ, ಓಡುವ ಸ್ವರಗಳನ್ನು ವೇಗವಾಗಿ ನುಡಿಸಬೇಕು. ಮೆಟ್ರೊನೋಮ್ ಹಾಕಿ ಒಂದೇ ಲಯದಲ್ಲಿ ಉದ್ದಕ್ಕೂ ನುಡಿಸುವವರಿಗೆ ಆ ಫಂತಾಸಿಯಾಗಳು ಸಪ್ಪೆ ಅನಿಸುವುದು ಇದರಿಂದಲೇ.

ಈ ಕಾಲದ ಸಂಗೀತದಲ್ಲಿ ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು, ನನ್ನ ಅಭಿಪ್ರಾಯದಲ್ಲಿ, ಲೂಯಿಸ್ ದೆ ನಾರ್ವಾಯೆಸ್‌ನ 'ಗ್ವಾರ್ದಮೆ ಲಾಸ್ ವಾಕಾಸ್' (1538). ಒಂದೇ ಮಂದ್ರ ನಡೆಯ ಮೇಲೆ ಹಲವು ವಿಧದ ಬೆಳವಣಿಗೆ. ಕೆಳಗಿನ ನಡೆ ಬದಲಾಗದಿರುವುದರಿಂದ ಎಡಗೈ ಬೇಗ ಕಲಿಯುತ್ತದೆ, ಕಿವಿಯೂ ಹಿಂಬಾಲಿಸುತ್ತದೆ. ಅದರ ಜೊತೆಗೆ ಜಾನ್ ಡೌಲಂಡ್‌ನ 'ಒರ್ಲಾಂಡೊ ಸ್ಲೀಪೆತ್'ನಂಥ ಪುಟ್ಟ ಲ್ಯೂಟ್ ರಚನೆ.

ಒಂದು ಎಚ್ಚರಿಕೆ. ಉತ್ಸಾಹದಿಂದ ಮೂಲ ಮುದ್ರಣದ ಚಿತ್ರಪ್ರತಿ ಇಳಿಸಿಕೊಂಡರೆ ಅದರಲ್ಲಿರುವುದು ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಎಂದು ತೋರಿಸುವ ಬರಹ), ಆದರೆ ನೀವು ಬಲ್ಲ ಟ್ಯಾಬ್ ಅಲ್ಲ. ನಾರ್ವಾಯೆಸ್‌ನಲ್ಲಿ ಮೇಲಿನ ಗೆರೆ ಅತಿ ಮಂದ್ರದ ತಂತಿ. ಇವತ್ತಿನದಕ್ಕೆ ಪೂರ್ತಿ ತಲೆಕೆಳಗು. ಮಿಲಾನ್ ಒಬ್ಬನೇ ಇವತ್ತಿನಂತೆ ಮೇಲಿನ ಗೆರೆಯನ್ನು ಮೊದಲ ತಂತಿಗೆ ಕೊಟ್ಟಿದ್ದಾನೆ. ಫ್ರೆಂಚರದ್ದು ಅಂಕಿಗಳ ಬದಲು ಅಕ್ಷರ: ಎ ಎಂದರೆ ಓಪನ್, ಬಿ ಎಂದರೆ ಮೊದಲ ಫ್ರೆಟ್. ಯಾರದ್ದು ಎಂದು ನೋಡದೆ ನುಡಿಸಲು ಕೂತರೆ ಒಂದು ಸಾಲೂ ಅರ್ಥವಾಗುವುದಿಲ್ಲ.

ಕನಾರಿಯೋಸ್‌ನ ಮೂರು ಪ್ರತಿಗಳು

ನಿಮ್ಮ ಪತ್ರದಲ್ಲಿ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಇದಕ್ಕೆ ಉತ್ತರ ತಿಳಿದವರಿಗೆ 17ನೇ ಶತಮಾನದ ಅರ್ಧ ಗಿಟಾರ್ ಸಂಗೀತ ಬಾಗಿಲು ತೆರೆದಂತೆ.

ಸಾನ್ಸ್‌ನ ಪುಸ್ತಕ 1674ರಲ್ಲಿ ಸರಗೋಸಾದಲ್ಲಿ ಪ್ರಕಟವಾಯಿತು. ಅವನ ಗಿಟಾರಿಗೆ ಐದೇ ಜೋಡಿ ತಂತಿ, ಆರನೆಯದು ಇರಲೇ ಇಲ್ಲ. ಆ ಐದರಲ್ಲೂ ನಾಲ್ಕನೆಯ ಮತ್ತು ಐದನೆಯ ಜೋಡಿಗೆ ದಪ್ಪ ತಂತಿ ಹಾಕಬೇಕೋ ತೆಳು ತಂತಿಯೋ ಎಂಬುದು ಆಗ ಎಲ್ಲರೂ ಚರ್ಚಿಸುತ್ತಿದ್ದ ವಿಷಯ. ಸಾನ್ಸ್ ಸ್ಪಷ್ಟವಾಗಿ ಬರೆದಿದ್ದಾನೆ: ಹಾಡಿಗೆ, ಕುಣಿತಕ್ಕೆ ಜೋರಾಗಿ ತಂತಿ ಬಾರಿಸುವವರಿಗೆ ದಪ್ಪ ತಂತಿ ಒಳ್ಳೆಯದು, ಬಿಡಿ ಸ್ವರಗಳನ್ನು ನಯವಾಗಿ ಮೀಟುವವರಿಗೆ ತೆಳು ತಂತಿಯೇ ಸರಿ, ರೋಮ್‌ನ ಗುರುಗಳು ಹಾಗೆಯೇ ಮಾಡುತ್ತಾರೆ. ತೆಳು ತಂತಿ ಹಾಕಿದರೆ ಐದನೇ ಜೋಡಿಯ ಎ ನಿಮ್ಮ ಗಿಟಾರಿನ ಐದನೇ ತಂತಿಗಿಂತ ಒಂದು ಸ್ಥಾಯಿ ಮೇಲೆ, ಅಂದರೆ ಮೂರನೇ ತಂತಿಯ ಎರಡನೇ ಫ್ರೆಟ್‌ನ ಸ್ವರ. ನಾಲ್ಕನೇ ಜೋಡಿಯ ಡಿ ನಿಮ್ಮ ಎರಡನೇ ತಂತಿಯ ಮೂರನೇ ಫ್ರೆಟ್‌ನ ಸ್ವರ. ಇಡೀ ವಾದ್ಯದಲ್ಲಿ ಅತಿ ಮಂದ್ರದ ತಂತಿ ಮೂರನೆಯದು! ಮಂದ್ರವೇ ಇಲ್ಲದ, ಗೆಜ್ಜೆಯಂತೆ ಕಿಣಿಕಿಣಿಸುವ ಗಿಟಾರ್ ಅದು.

ಆದರೆ ಟ್ಯಾಬ್‌ನಲ್ಲಿ ಬರುವುದು 'ಐದನೇ ಜೋಡಿ, ಓಪನ್' ಎಂಬಷ್ಟೇ. ಯಾವ ಸ್ಥಾಯಿ ಎಂದು ಅದು ಹೇಳುವುದಿಲ್ಲ. ಇವತ್ತಿನ ಸಂಪಾದಕರು ಅದನ್ನು ಸ್ಟಾಫ್ ನೊಟೇಶನ್‌ಗೆ ತರುವಾಗ ನಿರ್ಧಾರ ಮಾಡಲೇಬೇಕು. ಒಬ್ಬರು ಈಗಿನ ಐದನೇ ತಂತಿಯ ಸ್ಥಾಯಿಯಲ್ಲೇ ಬರೆಯುತ್ತಾರೆ, ಗಂಭೀರ ಮಂದ್ರ ಬರುತ್ತದೆ. ಇನ್ನೊಬ್ಬರು ಸಾನ್ಸ್ ಹೇಳಿದಂತೆ ಮೇಲಿನ ಸ್ಥಾಯಿಯಲ್ಲಿ ಬರೆಯುತ್ತಾರೆ. ಮೂರನೆಯವರು ಎರಡನ್ನೂ ಬೆರೆಸಿ, ಆರನೇ ತಂತಿಯನ್ನು ಡಿಗೆ ಇಳಿಸಿ, ಅಲ್ಲಿ ತಮ್ಮದೇ ಮಂದ್ರ ಸ್ವರಗಳನ್ನು ಸೇರಿಸುತ್ತಾರೆ. ನಿಮ್ಮ ಮೂರು ಪ್ರತಿಗಳು ಹೆಚ್ಚುಕಡಿಮೆ ಹೀಗೆಯೇ ಇರಬೇಕು.

ಗುರುತಿಸುವುದು ಹೇಗೆ? ಆರನೇ ತಂತಿಯಲ್ಲಿ ಒಂದು ಸ್ವರ ಕಂಡರೂ ಅದು ಸಂಪಾದಕರದು, ಸಾನ್ಸ್‌ನದಲ್ಲ. ಆಮೇಲೆ ಒಂದೊಂದೇ ಮೆಟ್ಟಿಲಿನಂತೆ ಏರುವ ಅಥವಾ ಇಳಿಯುವ ಸ್ವರಸಾಲು ಹುಡುಕಿ. ಸಾಲು ಸರಾಗವಾಗಿ ಹೋಗುತ್ತ ನಡುವೆ ಒಂದು ಸ್ವರ ಮಾತ್ರ ಧುತ್ತೆಂದು ಕೆಳಗೆ ಬಿದ್ದು ಮತ್ತೆ ಮೇಲೆ ಜಿಗಿದರೆ, ಅಲ್ಲಿ ತೆಳು ತಂತಿಗೆ ಬರೆದದ್ದನ್ನು ದಪ್ಪ ತಂತಿಯ ಸ್ಥಾಯಿಯಲ್ಲಿ ಓದಿದ್ದಾರೆ. ಅದನ್ನು ನೀವೇ ಪೆನ್ಸಿಲಿನಿಂದ ಒಂದು ಸ್ಥಾಯಿ ಮೇಲಕ್ಕೆ ತಿದ್ದಿಕೊಳ್ಳಬಹುದು.

ಆ ಕಾಲದವರು ಬಹಳ ಪ್ರೀತಿಸಿದ ಇನ್ನೊಂದು ತಂತ್ರ 'ಕಂಪನೇಲಾ': ಅಕ್ಕಪಕ್ಕದ ಸ್ವರಗಳನ್ನು ಬೇರೆ ಬೇರೆ ತಂತಿಯಲ್ಲಿ ಮೀಟಿ ಒಂದರ ಮೇಲೊಂದು ಗಂಟೆಯಂತೆ ಅನುರಣಿಸಲು ಬಿಡುವುದು. ಮಾಮೂಲಿ ಶ್ರುತಿಯಲ್ಲೂ ಇದರ ರುಚಿ ನೋಡಬಹುದು. ಎರಡನೇ ತಂತಿ ಎಂಟನೇ ಫ್ರೆಟ್ (ಜಿ), ಮೂರನೇ ತಂತಿ ಹನ್ನೊಂದನೇ ಫ್ರೆಟ್ (ಎಫ್ ಶಾರ್ಪ್), ಓಪನ್ ಮೊದಲ ತಂತಿ (ಇ), ಮತ್ತೆ ಮೂರನೇ ತಂತಿ ಏಳನೇ ಫ್ರೆಟ್ (ಡಿ). ಸ್ವರ ಇಳಿಯುತ್ತದೆ, ಹಿಂದಿನದು ತಕ್ಷಣ ಸಾಯುವುದಿಲ್ಲ. ಎರಡನೇ ತಂತಿಯ ಬೆರಳನ್ನು ಬೇಗ ಎತ್ತಿದರೆ ಪರಿಣಾಮ ಕೆಡುತ್ತದೆ. ಎಲ್ಲರೂ ತಪ್ಪುವುದು ಅಲ್ಲೇ.

ಮನೆಯಲ್ಲಿ ಹಳೆಯ ಇನ್ನೊಂದು ನೈಲಾನ್ ಗಿಟಾರ್ ಬಿದ್ದಿದ್ದರೆ ಒಂದು ಪ್ರಯೋಗ ಮಾಡಿ. ಆರನೇ ತಂತಿ ತೆಗೆದುಬಿಡಿ. ಐದನೆಯದರ ಜಾಗಕ್ಕೆ ಇನ್ನೊಂದು ಬಿ ತಂತಿ ಹಾಕಿ ಎ ಸ್ವರಕ್ಕೆ ಇಳಿಸಿ. ನಾಲ್ಕನೆಯದರ ಜಾಗಕ್ಕೆ ಇನ್ನೊಂದು ಮೊದಲ ತಂತಿ ಹಾಕಿ ಡಿಗೆ ಇಳಿಸಿ. ಎರಡೂ ತಮ್ಮ ಸಹಜ ಶ್ರುತಿಗಿಂತ ಕೆಳಗಿರುವುದರಿಂದ ತುಂಡಾಗುವುದಿಲ್ಲ. ದಪ್ಪದಲ್ಲೂ ಆ ಜಾಗದ ಮೂಲ ತಂತಿಗೆ ಹತ್ತಿರವೇ ಇರುವುದರಿಂದ ನಟ್‌ನ ಕಚ್ಚಿನಲ್ಲಿ ಸರಿಯಾಗಿ ಕೂರುತ್ತವೆ. ಜೋಡಿ ತಂತಿಯ ನಾದ ಬರುವುದಿಲ್ಲ, ಆದರೆ ಸ್ಥಾಯಿಗಳು ಸಾನ್ಸ್ ಹೇಳಿದಂತೆಯೇ ಬರುತ್ತವೆ. ಒಂದು ಸಂಜೆ ಹೀಗೆ ಟ್ಯಾಬ್ ಹಿಡಿದು ನುಡಿಸಿದರೆ ಮೂರು ಪ್ರತಿಗಳ ಜಗಳ ಕಿವಿಗೇ ಬಗೆಹರಿಯುತ್ತದೆ.

ಹಾಗಾದರೆ ಯಾವ ಪ್ರತಿ ನುಡಿಸಬೇಕು? ಜನರೆದುರು ಆರು ತಂತಿಯ ಗಿಟಾರಿನಲ್ಲಿ ನುಡಿಸುವುದಾದರೆ ಮಂದ್ರ ಸೇರಿಸಿದ ಪ್ರತಿ ತುಂಬಿಕೊಂಡು ಕೇಳಿಸುತ್ತದೆ, ಅದರಲ್ಲಿ ತಪ್ಪೇನಿಲ್ಲ. ಸಂಪಾದಕರು ತಮ್ಮ ಸೇರ್ಪಡೆಯನ್ನು ಮುನ್ನುಡಿಯಲ್ಲಿ ಹೇಳಿಕೊಂಡಿರುವ ಪ್ರತಿಯನ್ನು ಆರಿಸಿ. ಏನೂ ಹೇಳದೆ 'ಸಾನ್ಸ್' ಎಂದಷ್ಟೇ ಅಚ್ಚು ಹಾಕಿದ್ದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಮೂಲವನ್ನು ಓದಲು ಹೊರಟರೆ ಇನ್ನೊಂದು ಬಲೆ ಇದೆ. ಅಲ್ಲಿ ಸ್ವರಗುಚ್ಛಗಳಿಗೆ ಹಾಕಿರುವ ಅಕ್ಷರಗಳು ಇವತ್ತಿನ ಕಾರ್ಡ್ ಹೆಸರುಗಳಲ್ಲ. ಎ ಎಂದರೆ ಜಿ ಮೇಜರ್, ಬಿ ಎಂದರೆ ಸಿ ಮೇಜರ್, ಸಿ ಎಂದರೆ ಡಿ ಮೇಜರ್. ಇಟಲಿಯಲ್ಲಿ ಹುಟ್ಟಿದ ಆ ಪದ್ಧತಿಯ ಹೆಸರು 'ಅಲ್ಫಬೇತೊ'.

ಇದೇ ಕಾಲದ ಫ್ರಾನ್ಸಿನಲ್ಲಿ ರೋಬೇರ್ ದೆ ವಿಸೇ 1682 ಮತ್ತು 1686ರಲ್ಲಿ ಎರಡು ಗಿಟಾರ್ ಪುಸ್ತಕ ತಂದ. ಅವನ ಡಿ ಮೈನರ್ ಸ್ವೀಟ್‌ನ (ನೃತ್ಯಗಳ ಸರಣಿಯ) ಪುಟ್ಟ ನೃತ್ಯಗಳು ಎರಡು ವರ್ಷ ಕಲಿತವರ ಕೈಗೆ ಎಟಕುತ್ತವೆ.

ಬಾಖ್, ಅಲ್ಬೆನಿಸ್, ಮತ್ತು ಆ 'ರೊಮಾನ್ಸ್'

ಬಾಖ್ ಗಿಟಾರಿಗೆ ಒಂದು ಸ್ವರವನ್ನೂ ಬರೆದಿಲ್ಲ. 'ಲ್ಯೂಟ್ ಸ್ವೀಟ್' ಎಂದು ಮಾರಾಟವಾಗುವ, ಬಿಡಬ್ಲ್ಯುವಿ (ಬಾಖ್ ರಚನೆಗಳ ಪಟ್ಟಿ) 995ರಿಂದ 1000 ಮತ್ತು 1006ಎ ಸಂಖ್ಯೆಯ ರಚನೆಗಳಲ್ಲೂ ಎಲ್ಲವೂ ಲ್ಯೂಟಿಗೇ ಎಂದು ಹೇಳಲಾಗದು. ಗಿಟಾರ್ ಕಲಿಯುವವರು ಎತ್ತಿಕೊಳ್ಳುವ ಇ ಮೈನರ್ ಬೂರೇ (ಒಂದು ಫ್ರೆಂಚ್ ನೃತ್ಯ) ಇರುವ 996ರ ಹಳೆಯ ಹಸ್ತಪ್ರತಿಯಲ್ಲಿ 'ಲೌಟೆನ್‌ವೆರ್ಕ್‌ಗೆ' ಎಂಬ ಟಿಪ್ಪಣಿ ಇದೆ. ಅದು ಕರುಳಿನ ತಂತಿ ಹಾಕಿದ, ಲ್ಯೂಟಿನಂತೆ ಧ್ವನಿಸುವ ಕೀಬೋರ್ಡ್ ವಾದ್ಯ. 1750ರಲ್ಲಿ ಬಾಖ್ ತೀರಿಕೊಂಡಾಗ ಮಾಡಿದ ಆಸ್ತಿಪಟ್ಟಿಯಲ್ಲಿ ಅಂಥವು ಎರಡಿದ್ದವು, ಲ್ಯೂಟ್ ಒಂದಿತ್ತು. ಹತ್ತು ಬೆರಳಿನ ಕೀಬೋರ್ಡಿನ ಕಲ್ಪನೆ ಇದರಲ್ಲಿ ಇರುವುದರಿಂದಲೇ ಕೆಲವು ಜಾಗ ಗಿಟಾರಿನಲ್ಲಿ ವಿಪರೀತ ಕಷ್ಟ. ಹಾಗಾಗಿ ಇಡೀ ರಚನೆಯನ್ನೇ ಬೇರೆ ಕೀಗೆ ಒಯ್ಯುವುದು ರೂಢಿ: 997 ಸಿ ಮೈನರ್‌ನಿಂದ ಎ ಮೈನರ್‌ಗೆ, 998 ಇ ಫ್ಲಾಟ್‌ನಿಂದ ಡಿಗೆ. ಮೊದಲ ಚೆಲ್ಲೊ ಸ್ವೀಟ್ ಜಿಯಿಂದ ಡಿಗೆ ಬಂದಾಗ ಅದರ ಮಂದ್ರ ಸ್ವರಗಳಲ್ಲಿ ಹಲವು ಸಂಪಾದಕರ ಸೇರ್ಪಡೆ.

ಬೂರೇಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಅದು ಎರಡು ಧ್ವನಿಗಳ ಸಂಗೀತ. ಮೇಲಿನದು ರಾಗ, ಕೆಳಗಿನದು ಪಕ್ಕವಾದ್ಯ ಎಂದು ನುಡಿಸಬಾರದು. ಮಂದ್ರದ ಸ್ವರ ತನ್ನ ಅವಧಿ ಮುಗಿದ ಕೂಡಲೇ ನಿಲ್ಲಬೇಕು, ಓಪನ್ ತಂತಿಯಾದರೆ ಹೆಬ್ಬೆರಳಿನ ಪಕ್ಕದಿಂದ ಮುಟ್ಟಿ ನಿಲ್ಲಿಸಬೇಕು. ಹಾಗೆ ನಿಲ್ಲಿಸದಿದ್ದರೆ ಇ ಮತ್ತು ಎ ತಂತಿಗಳು ಮೊರೆಯುತ್ತಲೇ ಇದ್ದು ಮುಂದಿನ ಮಂದ್ರ ಸ್ವರ ಕಲಸಿಹೋಗುತ್ತದೆ. ಕೆಳಗಿನ ಸಾಲನ್ನು ಒಂಟಿಯಾಗಿ ಕಂಠಪಾಠ ಮಾಡಿ, ಬಾಯಲ್ಲಿ ಹಾಡುತ್ತ ಮೇಲಿನದನ್ನು ನುಡಿಸಿ.

'ಅಸ್ತೂರಿಯಾಸ್' ಪಿಯಾನೋದ್ದು. ಅದನ್ನು ಬರೆದ ಸ್ಪೇನಿನ ಅಲ್ಬೆನಿಸ್ ಗಿಟಾರಿಗೆ ಬರೆದವನಲ್ಲ. ಮೂಲ ಜಿ ಮೈನರ್; ಇ ಮೈನರ್‌ಗೆ ತಂದದ್ದರಿಂದ ಪದೇಪದೇ ಬರುವ ಸ್ವರಕ್ಕೆ ಓಪನ್ ಬಿ ತಂತಿ ಸಿಕ್ಕಿತು. ಗಿಟಾರಿನ ಮೇಲೆ ಅದು ಅಷ್ಟು ಸಹಜವಾಗಿ ಕೂರುವುದು ಈ ಆಯ್ಕೆಯಿಂದ. ಇನ್ನು ಎಲ್ಲ ಹೊಸಬರೂ ನುಡಿಸುವ 'ರೊಮಾನ್ಸ್'ಅನ್ನು ಕೆಲವು ಪುಸ್ತಕಗಳು '16ನೇ ಶತಮಾನದ ಸ್ಪೇನಿನದು' ಎನ್ನುತ್ತವೆ. ನಂಬಬೇಡಿ. ಆರೂ ಒಂಟಿ ತಂತಿಗಳ ಮೇಲೆ ಮೂರು ಮೂರು ಸ್ವರಗಳ ಆರ್ಪೆಜಿಯೋ, ಮೈನರ್‌ನಿಂದ ಮೇಜರ್‌ಗೆ ತಿರುವು: ಇವು 19ನೇ ಶತಮಾನದ ಸಲೂನ್ ಸಂಗೀತದ ಲಕ್ಷಣ. ಬರೆದವರು ಯಾರೆಂಬುದು ಇತ್ಯರ್ಥವಾಗಿಲ್ಲ. 1952ರ ಒಂದು ಫ್ರೆಂಚ್ ಚಿತ್ರಕ್ಕೆ ನಾರ್ಸಿಸೊ ಯೆಪೆಸ್ ಅದನ್ನು ನುಡಿಸಿದ ಮೇಲೆ ಲೋಕಕ್ಕೆಲ್ಲ ಹಬ್ಬಿತು.

ಹಾಗಾದರೆ ಎಲ್ಲಿಂದ?

ನಡುವಿನಿಂದ. ನಿಮ್ಮ ವಾದ್ಯಕ್ಕೇ, ನಿಮ್ಮ ಶ್ರುತಿಗೇ, ಸ್ಟಾಫ್ ನೊಟೇಶನ್‌ನಲ್ಲೇ ಬರೆದ ಮೊದಲ ಪೀಳಿಗೆಯಿಂದ: ಕರುಲ್ಲಿ (1770–1841), ಫರ್ನಾಂಡೊ ಸೋರ್ (1778–1839), ಮೌರೊ ಜುಲಿಯಾನಿ (1781–1829), ಕಾರ್ಕಾಸಿ (1792–1853). ಅವರು ಪ್ಯಾರಿಸ್, ವಿಯೆನ್ನಾಗಳಲ್ಲಿ ಪಾಠ ಹೇಳಿಯೇ ಬದುಕಿದವರು. ಕಲಿಯುವವರ ಕೈ ಎಲ್ಲಿ ಎಡವುತ್ತದೆ ಎಂದು ಬಲ್ಲವರು. ಸಂಪಾದಕರು ಊಹೆ ಮಾಡಬೇಕಾದ ಜಾಗವೇ ಇಲ್ಲಿ ಕಡಿಮೆ.

ಬಲಗೈಗೆ ಜುಲಿಯಾನಿಯ ಓಪಸ್ 1ರ 120 ಅಭ್ಯಾಸ ಸಾಕು. ಎಡಗೈಗೆ ಎರಡೇ ಹಿಡಿತ, ಸಿ ಮೇಜರ್ ಮತ್ತು ಜಿ ಸೆವೆನ್. ಲಕ್ಷ್ಯವೆಲ್ಲ ಬಲಗೈ ಬೆರಳುಗಳ ಮೇಲೆ. ದಿನಕ್ಕೆ ನಾಲ್ಕು, ಪ್ರತಿಯೊಂದೂ ಎಂಟು ಸಲ, ಮೆಟ್ರೊನೋಮ್ 60ರಲ್ಲಿ. ವೇಗ ಹೆಚ್ಚಿಸುವ ಮುನ್ನ ಉಂಗುರ ಬೆರಳಿನ ಸ್ವರ ಉಳಿದವುಗಳಷ್ಟೇ ಗಟ್ಟಿಯಾಗಿದೆಯೇ ಎಂದು ಧ್ವನಿಮುದ್ರಿಸಿ ಕೇಳಿ. ರಚನೆಗಳಲ್ಲಿ ಸೋರ್‌ನ ಓಪಸ್ 60 ಮೊದಲು. ಅದರ ಮೊದಲ ಪಾಠ ಬರೀ ಒಂಟಿ ಸ್ವರಗಳ ಸಾಲು, ಹಾಗೆಂದು ಹಾರಿಸಬೇಡಿ. ನಾದ ಶುದ್ಧವಾಗುವುದು ಅಲ್ಲೇ. ಅದಾದ ಮೇಲೆ ಓಪಸ್ 35, ಜೊತೆಗೆ ಕಾರ್ಕಾಸಿಯ ಓಪಸ್ 60ರ 25 ಅಭ್ಯಾಸಗಳಲ್ಲಿ ಮೊದಲ ಏಳು. ಸೋರ್ ತನ್ನ 1830ರ ಪಠ್ಯದಲ್ಲಿ ಉಂಗುರ ಬೆರಳನ್ನು ಆದಷ್ಟು ಬಿಟ್ಟು, ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿನಲ್ಲೇ ಕೆಲಸ ಸಾಗಿಸಲು ಹೇಳುತ್ತಾನೆ. ಅವನ ರಚನೆಗಳಿಗೆ ಒಮ್ಮೆ ಹಾಗೇ ಪ್ರಯತ್ನಿಸಿ, ಧ್ವನಿಗಳ ತೂಕ ತಾನಾಗಿ ಬೇರ್ಪಡುತ್ತದೆ.

ಇಲ್ಲೂ ಒಂದು ಗೊಂದಲ ಕಾದಿದೆ. ಸ್ಪೇನಿನ ಗಿಟಾರ್ ವಾದಕ ಸೆಗೋವಿಯಾ 1945ರಲ್ಲಿ ಸೋರ್‌ನ 20 ಅಭ್ಯಾಸಗಳನ್ನು ಆರಿಸಿ ತಮ್ಮದೇ ಸಂಖ್ಯೆ ಕೊಟ್ಟು ಪ್ರಕಟಿಸಿದರು. ಬಿ ಮೈನರ್‌ನ ಆ ಪ್ರಸಿದ್ಧ ಅಭ್ಯಾಸ ಅಲ್ಲಿ 5ನೆಯದು, ಸೋರ್‌ನಲ್ಲಿ ಓಪಸ್ 35ರ 22ನೆಯದು. ಎರಡೂ ಬೇರೆ ರಚನೆ ಎಂದುಕೊಂಡು ಹುಡುಕುತ್ತ ಕೂರಬೇಡಿ. ಮೊದಲ ಮುದ್ರಣಗಳು ಬೇಕೆಂದರೆ ಸ್ಟಾಕ್‌ಹೋಮ್‌ನ ಬೋಯೆ ಸಂಗ್ರಹ ಮತ್ತು ಕೋಪನ್‌ಹೇಗನ್‌ನ ರಾಯಲ್ ಲೈಬ್ರರಿಯ ರಿಶೆಲ್–ಬಿರ್ಕೆಟ್-ಸ್ಮಿತ್ ಸಂಗ್ರಹದಲ್ಲಿ ಚಿತ್ರಪ್ರತಿಗಳು ಉಚಿತವಾಗಿ ಸಿಗುತ್ತವೆ.

ಈ ಬುನಾದಿ ಆರೆಂಟು ತಿಂಗಳು ನಡೆದರೆ ಆಮೇಲೆ ಎರಡೂ ದಿಕ್ಕಿಗೆ ಹೊರಡಬಹುದು. ಹಿಂದಕ್ಕೆ ವಿಸೇ, ಸಾನ್ಸ್, ನಾರ್ವಾಯೆಸ್, ಕೊನೆಗೆ ಮಿಲಾನ್. ಮುಂದಕ್ಕೆ ಸ್ಪೇನಿನ ತಾರ್ರೆಗಾ (1852–1909). ಅಲ್ಮೇರಿಯಾದ ಅಂತೋನಿಯೊ ದೆ ತೋರೆಸ್ (1817–1892) ಗಿಟಾರಿನ ಒಡಲು ದೊಡ್ಡದು ಮಾಡಿ, ಮುಂಭಾಗದ ಹಲಗೆಯ ಒಳಗೆ ಬೀಸಣಿಗೆಯಂತೆ ಏಳು ಪಟ್ಟಿ ಕೂರಿಸಿ, ತಂತಿಯ ಉದ್ದವನ್ನು 650 ಮಿಲಿಮೀಟರ್ ಸುತ್ತ ನಿಲ್ಲಿಸಿದ. ನಿಮ್ಮ ಗಿಟಾರ್ ಅದೇ ವಂಶದ್ದು. ಅದರ ಮಧ್ಯದ ತಂತಿಗಳಿಗೆ ಮೇಲಿನ ಫ್ರೆಟ್‌ಗಳಲ್ಲೂ ದುಂಡಗಿನ ನಾದ ಬಂದದ್ದರಿಂದಲೇ ತಾರ್ರೆಗಾ ರಾಗವನ್ನು ಎರಡನೇ ಮೂರನೇ ತಂತಿಯಲ್ಲಿ ಎತ್ತರಕ್ಕೆ ಒಯ್ಯುತ್ತಾನೆ. ಅವನು ಬರೆದ ಬೆರಳ ಗುರುತನ್ನು ಸುಲಭದ್ದಕ್ಕೆ ಬದಲಿಸಿ ಮೊದಲ ಫ್ರೆಟ್‌ಗಳಲ್ಲಿ ನುಡಿಸಿದರೆ ಸ್ವರ ಸರಿ, ಸಂಗೀತ ಹೋಯಿತು. 'ಲಾಗ್ರಿಮಾ' ಒಂದೇ ಪುಟ, ಆದರೂ ಮೈನರ್ ಭಾಗದ ಬ್ಯಾರೆ ಹಿಡಿತ (ಒಂದೇ ಬೆರಳಿನಿಂದ ಹಲವು ತಂತಿ ಒತ್ತುವುದು) ಹೊಸಬರ ಮಣಿಕಟ್ಟು ನೋಯಿಸುತ್ತದೆ. ಹೆಬ್ಬೆರಳಿನಿಂದ ಹಿಂಡದೆ ತೋಳಿನ ಭಾರದಿಂದ ಒತ್ತಬೇಕು. ನೋವು ಬಂದರೆ ಆ ದಿನಕ್ಕೆ ನಿಲ್ಲಿಸಿ. 'ರೆಕ್ವೆರ್ದೊಸ್ ದೆ ಲಾ ಅಲಂಬ್ರಾ' ಈಗ ಬೇಡ. ಟ್ರೆಮೊಲೊ (ಒಂದೇ ಸ್ವರವನ್ನು ಬೆರಳುಗಳಿಂದ ವೇಗವಾಗಿ ಮತ್ತೆ ಮತ್ತೆ ಮೀಟುವುದು) ಕುದುರೆಯ ಓಟದಂತೆ ಎಡವುವುದು ಮಧ್ಯದ ಬೆರಳು ಹಿಂದುಳಿದಾಗ. ಒಮ್ಮೆ ಆ ಚಾಳಿ ಕೂತರೆ ಬಿಡಿಸುವುದು ಬಲು ಕಷ್ಟ.

ಗಿಟಾರನ್ನು ಸಭಾಂಗಣಕ್ಕೆ ತಂದವರು ಸೆಗೋವಿಯಾ ಎಂಬ ಮಾತು ಪೂರ್ತಿ ನಿಜವಲ್ಲ. ಜುಲಿಯಾನಿ 1808ರಲ್ಲೇ ವಿಯೆನ್ನಾದಲ್ಲಿ ವಾದ್ಯವೃಂದದೊಡನೆ ಕಾನ್ಸರ್ಟೊ ನುಡಿಸಿದ್ದ. ಸೆಗೋವಿಯಾ (1893–1987) ಮಾಡಿದ ನಿಜವಾದ ದೊಡ್ಡ ಕೆಲಸ, ಗಿಟಾರ್ ಬಾರದ ರಚನಕಾರರಿಂದ ಗಿಟಾರಿಗೆ ಬರೆಸಿದ್ದು: ತುರೀನಾ, ತೊರೋಬಾ, ಮೆಕ್ಸಿಕೊದ ಪೊನ್ಸೆ. ಅದರ ಫಲ ಅವರ ಸುತ್ತಲಿನವರಿಗೂ ಹರಡಿತು. ಸ್ಪೇನಿನ ರಚನಕಾರ ರೊದ್ರಿಗೊ ಸ್ವತಃ ಗಿಟಾರ್ ನುಡಿಸುತ್ತಿರಲಿಲ್ಲ. ಅವರ 'ಕೊನ್ಸಿಯೆರ್ತೊ ದೆ ಅರಾನ್‌ಹುಎಸ್' 1940ರಲ್ಲಿ ಬಾರ್ಸೆಲೋನಾದಲ್ಲಿ ಮೊದಲು ಕೇಳಿಬಂದಾಗ ನುಡಿಸಿದವರು ರೆಹಿನೊ ಸೈನ್ಸ್ ದೆ ಲಾ ಮಾಸಾ. ಇಂಗ್ಲಿಷ್ ರಚನಕಾರ ಬೆಂಜಮಿನ್ ಬ್ರಿಟನ್ 1963ರಲ್ಲಿ ಗಿಟಾರ್ ವಾದಕ ಜೂಲಿಯನ್ ಬ್ರೀಮ್‌ಗೆ ಬರೆದ 'ನಾಕ್ಟರ್ನಲ್' ಡೌಲಂಡ್‌ನ ಹಾಡಿನ ಮೇಲೆ ಕಟ್ಟಿದ್ದು, ಅದರಲ್ಲಿ ಹಾಡು ಕಾಣಿಸುವುದು ಕೊನೆಗೆ. ಇವು ಕೇಳಲು. ನುಡಿಸಲು 20ನೇ ಶತಮಾನದಿಂದ ಕ್ಯೂಬಾದ ಲಿಯೊ ಬ್ರೌವರ್ ಅವರ 'ಸರಳ ಅಭ್ಯಾಸಗಳು' ಈಗಲೇ ಹಿಡಿಯಬಹುದು, ಸೋರ್ ಜೊತೆಜೊತೆಗೇ.

ಸ್ಟೀಲ್ ತಂತಿ ಮಾತ್ರ ಹಾಕಲೇಬೇಡಿ. ಬಾರಿಯೋಸ್ ಬಳಸುತ್ತಿದ್ದುದು ನಿಜ, ನಾದ ಮೆತ್ತಗಾಗಲು ರಬ್ಬರಿನ ಚೂರು ಸೇರಿಸುತ್ತಿದ್ದರು. ಆಗ ಉಳಿದವರದು ಹೆಚ್ಚಾಗಿ ಕರುಳಿನ ತಂತಿ. ನೈಲಾನ್ ಬಂದದ್ದು 1940ರ ದಶಕದಲ್ಲಿ, ಯುದ್ಧದಿಂದ ಕರುಳಿಗೆ ಅಭಾವ ಬಂದಾಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟಿನ್ ತಯಾರಿಸತೊಡಗಿದ ಮೇಲೆ. ಆರು ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೊ. ಹಗುರ ಎನ್ನುವ ಸ್ಟೀಲ್ ಸೆಟ್ಟಿನದೂ 70ಕ್ಕೆ ಮೇಲೆ. ನಿಮ್ಮ ಗಿಟಾರಿನ ಹಲಗೆ ತೆಳು, ಕತ್ತಿನೊಳಗೆ ಸಾಮಾನ್ಯವಾಗಿ ಉಕ್ಕಿನ ಸರಳಿಲ್ಲ. ಮೊದಲು ಬ್ರಿಡ್ಜ್‌ನ ಹಿಂದೆ ಹಲಗೆ ಉಬ್ಬುತ್ತದೆ, ತಂತಿ ಎತ್ತರವಾಗುತ್ತದೆ, ಕೆಲವೇ ವಾರಗಳಲ್ಲಿ ಬ್ರಿಡ್ಜ್ ಕಿತ್ತು ಬರಬಹುದು.

ಲ್ಯೂಟ್ ಸದ್ಯಕ್ಕೆ ಬೇಡ. ಲ್ಯೂಟನ್ನು ಬೆರಳ ತುದಿಯ ಚರ್ಮದಿಂದ ಮೀಟುತ್ತಾರೆ, ಉಗುರು ಜೋಡಿ ತಂತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಉಗುರು ಬೆಳೆಸಿ ಗಿಟಾರ್ ಕಲಿಯುತ್ತಿದ್ದರೆ ಎರಡರಲ್ಲಿ ಒಂದನ್ನು ಬಿಡಬೇಕಾದೀತು. ಸೋರ್ ಉಗುರಿಲ್ಲದೆ ನುಡಿಸುತ್ತಿದ್ದ, ಅವನ ಗೆಳೆಯ ಅಗ್ವಾಡೊ ಉಗುರಿನಿಂದ. ಇಬ್ಬರೂ ಜೊತೆಗೆ ನುಡಿಸಲೆಂದೇ ಸೋರ್ ಓಪಸ್ 41 ಬರೆದ. ಹಾಗಾಗಿ ಉಗುರು ಬೇಕೇ ಬೇಕು ಎಂದು ಯಾರಾದರೂ ಒತ್ತಾಯಿಸಿದರೆ ಗಾಬರಿಯಾಗಬೇಕಿಲ್ಲ. 16ನೇ ಶತಮಾನದ ನಾಲ್ಕು ಜೋಡಿ ತಂತಿಯ ಗಿಟಾರಿನ ಸಂಗೀತ ನಿಮ್ಮನ್ನು ಸೆಳೆದರೆ ಒಂದು ಉಕುಲೇಲೆ ತಂದುಕೊಳ್ಳಿ. ಅದರ ತಂತಿಗಳ ನಡುವಿನ ಅಂತರ ಹಾಗೇ ಇದೆ. 1550ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಆದ್ರಿಯಾನ್ ಲ ರ್ವಾ ಅಚ್ಚು ಹಾಕಿಸಿದ ಟ್ಯಾಬ್ ಅದರ ಮೇಲೆ ನೇರವಾಗಿ ನುಡಿಯುತ್ತದೆ.